ಬಾಣಂತನದಲ್ಲಿ ಹತ್ತಿಕೊಂಡ ಹಸಿವು

ಬಾಣಂತಿ ಹಸಿದರೆ ನಮ್ಮ ಕಡೆ ಯಾರೂ ಹೆದರುವುದಿಲ್ಲ, ಸಂತೋಷಪಡುತ್ತಾರೆ. ನನ್ನ ಗ್ರಹಚಾರ ಶುರುವಾದದ್ದೇ ಅಲ್ಲಿಂದ. ಬೇರೆ ಯಾವ ಹೊತ್ತಿನಲ್ಲಿ ಈ ಕಾಯಿಲೆ ಬಂದಿದ್ದರೂ ಮನೆಯಲ್ಲಿ ಯಾರಾದರೊಬ್ಬರು ‘ಇದೇನು ಇವಳು ಹೀಗೆ ತಿನ್ನುತ್ತಾಳೆ’ ಎಂದು ಹುಬ್ಬು ಏರಿಸುತ್ತಿದ್ದರು. ಬಂದದ್ದು ಚೊಚ್ಚಲ ಬಾಣಂತನದಲ್ಲಿ, ಅದೂ ತವರಿನಲ್ಲಿ. ತಿಂದಷ್ಟೂ ಶಹಬ್ಬಾಸ್ ಸಿಗುವ ಕಾಲ ಅದು.

ನಾನು ಶಿವಯೋಗ ಮಂದಿರದ ಹತ್ತಿರದ ಊರೊಂದರ ಸರ್ಕಾರಿ ಶಾಲೆಯಲ್ಲಿ ಟೀಚರು. ನಮ್ಮನೆಯವರು ಹನಮಂತ, ಬಾಗಲಕೋಟೆಯ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ. ಇರುವುದು ವಿದ್ಯಾಗಿರಿಯ ಬಾಡಿಗೆ ಮನೆಯಲ್ಲಿ. ಹೆರಿಗೆ ಸುಸೂತ್ರವಾಗಿ ಆಯಿತು, ಹೆಣ್ಣುಕೂಸು. ಭಾಗ್ಯ ಎಂದು ಹೆಸರಿಡುವುದೆಂದು ಮೊದಲೇ ಮಾತಾಗಿತ್ತು. ದವಾಖಾನೆಯಿಂದ ಅವ್ವ ನಮ್ಮಿಬ್ಬರನ್ನೂ ಹುನಗುಂದದ ತವರಿಗೆ ಕರೆದುಕೊಂಡು ಹೋದಳು. ಅಲ್ಲಿರುವವರು ಇಬ್ಬರೇ, ಅವ್ವ ಮತ್ತು ಅವ್ವನ ತಾಯಿ. ಅವಳನ್ನು ನಾವು ಆಯಿ ಎನ್ನುತ್ತೇವೆ. ಇಬ್ಬರಿಗೂ ಮಗಳ ಬಾಣಂತನವೆಂದರೆ ಊರ ಮುಂದೆ ಬರೆಯುವ ಪರೀಕ್ಷೆ, ಫೇಲಾಗುವ ಮಾತೇ ಇಲ್ಲ.

ಕಿಟಕಿ ಮುಚ್ಚಿದ ಕೋಣೆ, ಹೊರಸಿನ ಕೆಳಗೆ ಕೆಂಡ, ಲೋಬಾನದ ಹೊಗೆ, ಕಿವಿ ಮುಚ್ಚುವಂತೆ ತಲೆಗೆ ಬಿಗಿದ ಬಟ್ಟೆ. ಊಟಕ್ಕೆ ಬಿಸಿ ರೊಟ್ಟಿ, ಬೆಳ್ಳುಳ್ಳಿ ಸಾರು, ಅಳ್ವಿ ಪಾಯಸ, ತುಪ್ಪದಲ್ಲಿ ಅಂಟು ಹುರಿದು ಬೆಲ್ಲ ಕೊಬ್ಬರಿ ಹಾಕಿ ಕಟ್ಟಿದ ಅಂಟಿನುಂಡಿ. ನೀರು ಮಾತ್ರ ಇಲ್ಲ. ಬಾಣಂತಿ ನೀರು ಕುಡಿದರೆ ಹೊಟ್ಟೆ ಜೋತು ಬೀಳುತ್ತದೆ, ಕೂಸಿಗೆ ನೆಗಡಿಯಾಗುತ್ತದೆ ಎಂಬುದು ಆಯಿಯ ಕಾನೂನು. ಉಂಡ ಮೇಲೆ ಓಂಕಾಳು ಹಾಕಿ ಕುದಿಸಿದ ನೀರು ಒಂದು ಸಣ್ಣ ಬಟ್ಟಲು, ಅಷ್ಟೇ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನಾನು, ಸುಮ್ಮನಿರಲಾಗದೆ ವಾದಕ್ಕಿಳಿದೆ.

“ಸಾಲಿ ಪಾಠ ಸಾಲ್ಯಾಗ ಹೇಳವಾ,” ಎಂದಳು ಆಯಿ. “ಇಲ್ಲಿ ನಾನ ಹೆಡ್ ಮಾಸ್ತರು.”

ಮೊದಲ ಕೆಲವು ವಾರ ಎಲ್ಲ ಬಾಣಂತಿಯರ ಹಾಗೆಯೇ ಇದ್ದೆ. ಆಮೇಲೆ ಹಸಿವು ಹತ್ತಿಕೊಂಡಿತು. ಇದನ್ನು ಹಸಿವು ಎಂದು ಕರೆಯುವುದೇ ತಪ್ಪು, ಆದರೆ ಬೇರೆ ಶಬ್ದ ನನ್ನ ಹತ್ತಿರ ಇಲ್ಲ. ಹೊಟ್ಟೆ ಬಿರಿಯುವ ಹಾಗೆ ಉಂಡು ಕೈ ತೊಳೆಯುತ್ತಿದ್ದೆ, ಕೈ ಒರೆಸಿಕೊಳ್ಳುವಷ್ಟರಲ್ಲಿ ಬೆಳಗಿನಿಂದ ಏನೂ ತಿಂದಿಲ್ಲವೆಂಬ ಸಂಕಟ. ಹೊಟ್ಟೆಯಲ್ಲಿ ಭಾರವಿದೆ, ನೋವೂ ಇದೆ, ಆದರೂ ತಲೆಯೊಳಗೆ ಯಾರೋ ತಿನ್ನು ತಿನ್ನು ಎಂದು ಒಂದೇ ಸಮ ಬಡಿಯುತ್ತಿದ್ದಾರೆ. ನಾನು ಇನ್ನೊಂದು ರೊಟ್ಟಿ ಕೇಳಿದಾಗಲೆಲ್ಲ ಅವ್ವನ ಮುಖ ಅರಳುತ್ತಿತ್ತು. “ನೋಡಬೇ, ಹ್ಯಾಂಗ ಉಣ್ಣಾಕತ್ತಾಳ!” ಎಂದು ಆಯಿಯನ್ನು ಕರೆದು ತೋರಿಸುತ್ತಿದ್ದಳು.

ಹಸಿವಿನ ಜೊತೆಗೆ ನೀರಡಿಕೆ. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಬಚ್ಚಲಿಗೆ ಹೋದಾಗ ಹಂಡೆಯ ಸ್ನಾನದ ನೀರನ್ನೇ ಚೊಂಬು ಚೊಂಬು ಕುಡಿದುಬಿಡುತ್ತಿದ್ದೆ, ಹೊಗೆ ವಾಸನೆಯ ಉಗುರುಬೆಚ್ಚಗಿನ ನೀರು. ಕುಡಿದದ್ದು ಕುಡಿದ ಹಾಗೆ ಹೊರಗೆ ಹೋಗುತ್ತಿತ್ತು. ದಿನವಿಡೀ ಬಚ್ಚಲಿಗೆ ಓಡಾಡುವುದೇ ಕೆಲಸ. ತಲೆ ನೋಯಲು ಶುರುವಾಯಿತು, ಹಣೆಯ ಹಿಂದೆ, ಕಣ್ಣುಗಳ ನಡುವೆ. ಆಯಿಗೆ ಹೇಳಿದರೆ ತಲೆಗೆ ಗಾಳಿ ಹೊಕ್ಕಿದೆಯೆಂದು ಬಟ್ಟೆಯನ್ನು ಇನ್ನಷ್ಟು ಬಿಗಿದು ಕಟ್ಟಿದಳು. ಎದೆಹಾಲು ಕಡಿಮೆಯಾಯಿತು. ಅದಕ್ಕೂ ಮನೆಯಲ್ಲಿ ಇದ್ದದ್ದು ಒಂದೇ ಔಷಧ, ಇನ್ನಷ್ಟು ಉಣಿಸುವುದು. ಹಾಲು ಇಳಿದಷ್ಟೂ ಉಂಡಿ ಹೆಚ್ಚಾದವು. ಪ್ರೀತಿಯಿಂದಲೇ ನನ್ನನ್ನು ಇಬ್ಬರೂ ಮುಳುಗಿಸುತ್ತಿದ್ದರು, ಪಾಪ, ಅವರಿಗೇನು ಗೊತ್ತು.

ನನಗೆ ಭಯ ಶುರುವಾದ ಗಳಿಗೆ ನೆನಪಿದೆ. ಮಧ್ಯಾಹ್ನ. ಆಯಿ ಮಲಗಿದ್ದಳು, ಅವ್ವ ಗಿರಣಿಗೆ ಹೋಗಿದ್ದಳು. ಉಂಡಿಯ ಡಬ್ಬಿ ಖಾಲಿಯಾಗಿತ್ತು. ಗೋಡೆಯ ಗೂಡಿನಲ್ಲಿ ಹುರಿಯದ ಅಂಟಿನ ಡಬ್ಬಿ ಸಿಕ್ಕಿತು. ಗಾಜಿನ ಚೂರಿನಂಥ ಹರಳುಗಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅದನ್ನೇ ಕಟಕಟನೆ ಕಡಿಯತೊಡಗಿದೆ. ಅಂಟು ಹಲ್ಲಿಗೆ ಮೆತ್ತಿಕೊಂಡಿತು, ವಸಡು ಹರಿದು ಬಾಯಲ್ಲಿ ರಕ್ತದ ರುಚಿ ಬಂತು. ಕೂಸು ಅಳುತ್ತಿತ್ತು. ನನಗೆ ಕೇಳಿಸುತ್ತಿತ್ತು ಕೂಡ. ಅಂಟಿನ ಪುಡಿ ಅದರ ಕೆನ್ನೆಯ ಮೇಲೆ ಉದುರುವುದು ಕಾಣುತ್ತಿತ್ತು. ಕೈಗೆ ನಿಲ್ಲು ಎಂದು ಹೇಳಿದೆ. ಕೈ ಡಬ್ಬಿಗೆ ಹೋಯಿತು. ಮತ್ತೆ ಹೇಳಿದೆ, ಮತ್ತೆ ಹೋಯಿತು. ಇದು ನನ್ನ ಕೈ ಅಲ್ಲ ಎನ್ನಿಸಿತು. ಡಬ್ಬಿಯನ್ನು ಕಾಲಿನಿಂದ ಒದ್ದು ದೂರ ಮಾಡಿ ಕೂಸನ್ನು ಎದೆಗೆ ಅವುಚಿಕೊಂಡು ಜೋರಾಗಿ ಅತ್ತುಬಿಟ್ಟೆ. ಎದ್ದು ಬಂದ ಆಯಿ ನೋಡಿ, ಬಾಣಂತಿ ಅಳಬಾರದು, ಕಣ್ಣು ಹೋಗುತ್ತವೆ ಎಂದು ಗದರಿದಳು.

ಕಣ್ಣು ನಿಜಕ್ಕೂ ಹೋಗುತ್ತಿದ್ದವು. ಅದು ಗೊತ್ತಾದದ್ದು ನಮ್ಮನೆಯವರಿಂದ. ಅವರು ಪ್ರತಿ ರವಿವಾರ ಬಾಗಲಕೋಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಸ್ಸು ಅಮೀನಗಡದಲ್ಲಿ ನಿಲ್ಲುತ್ತದೆ, ಅಲ್ಲಿ ನಿಂತ ಬಸ್ಸಿನಿಂದ ಕರದಂಟು ಕೊಳ್ಳದೆ ಮುಂದೆ ಹೋಗುವ ಅಳಿಯ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಅವರು ಕೈಯಲ್ಲಿ ಡಬ್ಬಿ ಹಿಡಿದು ಓಣಿ ಹೊಕ್ಕರೆ ಸಾಕು, ನನಗೆ ಒಳಗಿನಿಂದಲೇ ವಾಸನೆ ಹತ್ತುತ್ತಿತ್ತು. ಆ ರವಿವಾರ ಅವರು ಡಬ್ಬಿಯ ಮುಚ್ಚಳ ತೆಗೆದು ಹೊರಸಿನ ಮೇಲೆ ನನ್ನ ಬಲಕ್ಕೆ ಇಟ್ಟು ಕೂಸನ್ನು ಎತ್ತಿಕೊಂಡರು.

“ಎಲ್ಲೈತ್ರಿ ಕರದಂಟು?” ಎಂದೆ.

ಅವರು ನಕ್ಕರು. “ಚಾಷ್ಟಿ ಮಾಡಬ್ಯಾಡ.”

“ಖರೇ ಕೇಳಾಕತ್ತೇನ್ರಿ. ವಾಸನಿ ಬರಾಕತ್ತೈತಿ, ಎಲ್ಲಿಟ್ಟೀರಿ?”

ಅವರ ನಗು ನಿಂತಿತು. ಕರದಂಟು ಬಗಲಲ್ಲೇ ಇದ್ದು ನಾನು ನೋಡಿಲ್ಲವೆಂದರೆ ಏನೋ ದೊಡ್ಡದೇ ಆಗಿದೆ ಎಂದು ಅವರಿಗೆ ಆಗಲೇ ಹೊಳೆಯಿತಂತೆ. ಲ್ಯಾಬಿನವರಲ್ಲವೇ, ಪರೀಕ್ಷೆ ಮಾಡಿಯೇಬಿಟ್ಟರು. ನೆಟ್ಟಗೆ ನನ್ನ ಮೂಗನ್ನು ನೋಡು ಎಂದು ಹೇಳಿ ಎರಡೂ ಕೈಗಳನ್ನು ಪಕ್ಕಗಳಿಂದ ನಿಧಾನ ಮುಂದೆ ತಂದರು. ಕೈಗಳು ಅವರ ಕಿವಿಯ ಹತ್ತಿರ ಬರುವವರೆಗೆ ನನಗೆ ಕಾಣಲಿಲ್ಲ. ಆ ವಾರವೆಲ್ಲ ಬಾಗಿಲ ಚೌಕಟ್ಟಿಗೆ ಭುಜ ಯಾಕೆ ಬಡಿಯುತ್ತಿತ್ತು ಎಂದು ಆಗ ತಿಳಿಯಿತು.

“ನಾಳೆ ಮುಂಜಾನೆ ದವಾಖಾನಿಗೆ ಹೋಗೋಣ ಅತ್ತಿ,” ಎಂದರು ಅವ್ವನಿಗೆ.

“ಹಸಿ ಬಾಣಂತಿರಿ! ಗಾಳ್ಯಾಗ ಹ್ಯಾಂಗ ಕರ್ಕೊಂಡು ಹೋಗ್ತೀರಿ?” ಎಂದು ಅವ್ವ ಅಳುವಂತಾದಳು. ಕಡೆಗೆ ಬಾಡಿಗೆ ಕಾರು, ಗಾಜು ಪೂರ್ತಿ ಏರಿಸಿ, ಬಿರುಬಿಸಿಲಿನಲ್ಲಿ ನನಗೂ ಕೂಸಿಗೂ ಕಂಬಳಿ ಹೊದಿಸಿ ಕರೆದೊಯ್ದರು. ಆಯಿ ನನ್ನ ಹಣೆಗೆ ಬೀರಪ್ಪನ ಗುಡಿಯ ಭಂಡಾರದ ಅರಿಶಿನ ಹಚ್ಚಿ, ಬಾಗಿಲಲ್ಲಿ ನಿಂತು ಬೈಯುತ್ತಲೇ ಇದ್ದಳು. ಯಾರನ್ನು ಬೈಯುತ್ತಿದ್ದಳೋ, ಅವಳಿಗೇ ಗೊತ್ತಿರಲಿಕ್ಕಿಲ್ಲ.

ಕಣ್ಣಿನ ಡಾಕ್ಟರು ನೋಡಿ ಕಣ್ಣಿನಲ್ಲಿ ಏನೂ ಇಲ್ಲ, ಹಿಂದೆ ಮಿದುಳಿನಲ್ಲಿ ನೋಡಬೇಕು ಎಂದರು. ಅಲ್ಲಿಂದ ಬೇರೆ ದೊಡ್ಡ ದವಾಖಾನೆ. ಅಲ್ಲಿದ್ದದ್ದು ನನಗಿಂತ ಚಿಕ್ಕವಳಿರಬಹುದಾದ ಒಬ್ಬ ಡಾಕ್ಟರಮ್ಮ. ಎಲ್ಲ ಕೇಳಿಕೊಂಡ ಮೇಲೆ ಪೆನ್ನು ಕೆಳಗಿಟ್ಟು, “ನೀರು ಎಷ್ಟ ಕುಡಿತೀರಿ?” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೆಮ್ಮೆಯಿಂದ, “ಒಂದ ಹನಿ ಹೆಚ್ಚಿಗಿ ಕೊಟ್ಟಿಲ್ಲರಿ,” ಎಂದಳು.

ಡಾಕ್ಟರಮ್ಮ ಎದ್ದು ತಮ್ಮ ಬಾಟಲಿಯನ್ನೇ ನನ್ನ ಕೈಗೆ ಕೊಟ್ಟರು. ನಾಚಿಕೆ ಬಿಟ್ಟು ಗಟಗಟ ಕುಡಿದೆ. ಅದು ಮುಗಿದ ಮೇಲೆ ನರ್ಸು ತಂದ ಇನ್ನೊಂದನ್ನೂ ಕುಡಿದೆ. ಅವ್ವ ನನ್ನ ಗಂಟಲು ಏರಿಳಿಯುವುದನ್ನೇ ನೋಡುತ್ತ ನಿಂತಿದ್ದಳು. ಅವಳ ಮುಖದಲ್ಲಿ ಹೆಮ್ಮೆ ಹೋಗಿ ಬಂದದ್ದು ಏನೆಂದು ಬರೆಯಲು ನನಗೆ ಈಗಲೂ ಮನಸ್ಸಾಗುವುದಿಲ್ಲ. ಕದ್ದು ಹಂಡೆಯ ನೀರು ಕುಡಿಯದಿದ್ದರೆ ಇವರು ಇಷ್ಟು ಹೊತ್ತಿಗೆ ಎಚ್ಚರ ತಪ್ಪಿರುತ್ತಿದ್ದರು ಎಂದು ಡಾಕ್ಟರಮ್ಮ ಆಮೇಲೆ ನಮ್ಮನೆಯವರಿಗೆ ಹೇಳಿದರಂತೆ.

ಎಂ.ಆರ್.ಐ. ಮಾಡಿಸುವ ಮುಂಚೆ ಕೆಲವು ತಾಸು ಏನೂ ತಿನ್ನಬಾರದು ಎಂದರು. ಮಿದುಳಿನಲ್ಲಿ ಗಡ್ಡೆ ಇರಬಹುದು ಎಂಬ ಮಾತಿಗಿಂತ ಈ ಮಾತಿಗೇ ನಾನು ಹೆಚ್ಚು ಹೆದರಿದೆ. ಇದನ್ನು ಹೇಳಿದರೆ ಜನ ನಗುತ್ತಾರೆ, ನಗಲಿ. ಸರದಿ ಕಾಯುವ ಕೋಣೆಯಲ್ಲಿ ನನ್ನ ಎದುರಿಗೆ ಒಬ್ಬ ಹೆಂಗಸು ಬುತ್ತಿ ಬಿಚ್ಚಿದಳು, ಕಟಿರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ನಮ್ಮನೆಯವರು ಪಕ್ಕದಲ್ಲಿ ಕೂತು, ಗಡ್ಡೆಯಾದರೆ ಹುಬ್ಬಳ್ಳಿಗೆ ಹೋಗಬೇಕಂತೆ, ಮೂಗಿನೊಳಗಿಂದ ಆಪರೇಷನ್ ಮಾಡುತ್ತಾರಂತೆ ಎಂದು ಪಿಸುಮಾತಿನಲ್ಲಿ ಹೇಳುತ್ತಿದ್ದರು. ನಾನು ಕೇಳಿಸಿಕೊಳ್ಳುತ್ತಿದ್ದೆ, ಆದರೆ ಕಣ್ಣು ಆ ಹೆಂಗಸಿನ ಕೈಯ ಜೊತೆ ಡಬ್ಬಿಯಿಂದ ಬಾಯಿಗೆ, ಬಾಯಿಂದ ಡಬ್ಬಿಗೆ ಓಡಾಡುತ್ತಿತ್ತು. ನಾನು ಸಾಯಬಹುದು, ನನ್ನ ಕೂಸು ತಬ್ಬಲಿಯಾಗಬಹುದು, ನನ್ನ ತಲೆಯಲ್ಲಿ ಮಾತ್ರ ಪರರ ಎಣ್ಣೆಗಾಯಿ. ಇಂಥವಳಾಗಿ ಬದುಕಿ ಉಳಿದರೂ ಅದೇನು ಬದುಕು ಎಂದು ಅಲ್ಲಿ ಕೂತು ಯೋಚಿಸಿದೆ. ಒಳಗೆ ಕೊಳವೆಯಲ್ಲಿ ಮಲಗಿಸಿದಾಗ ಸುತ್ತಿಗೆ ಬಡಿದಂಥ ಸದ್ದು. ಅಲುಗಾಡಬಾರದು ಎಂದಿದ್ದರು. ಅಲುಗಾಡದೆ ಅತ್ತೆ, ಕಣ್ಣೀರು ಕಿವಿಯೊಳಗೆ ಇಳಿಯಿತು.

ಮಿದುಳಿನ ಬುಡದಲ್ಲಿ ಊತ ಇತ್ತು. ಗಡ್ಡೆಯೋ ಬಾವೋ ಚಿತ್ರ ನೋಡಿ ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರಮ್ಮ. ಬಸುರಿಯರಲ್ಲಿ, ಬಾಣಂತಿಯರಲ್ಲಿ ಅಪರೂಪಕ್ಕೆ ದೇಹ ತನ್ನ ಮೇಲೆ ತಾನೇ ಸಿಟ್ಟಾಗಿ ಆ ಜಾಗದಲ್ಲಿ ಬಾವು ಬರುವುದುಂಟು. ಅದಾಗಿದ್ದರೆ ಸ್ಟಿರಾಯ್ಡ್ ಗುಳಿಗೆಗೆ ಕರಗುತ್ತದೆ. ಕರಗದಿದ್ದರೆ ಆಪರೇಷನ್. ಆಮೇಲೆ ಅವರು ಹಸಿವಿನ ಮಾತಿಗೆ ಬಂದರು.

“ಹೊಟ್ಟಿ ತುಂಬ್ತಂದ್ರ ರಕ್ತದಾಗ ಮಿದುಳಿಗೆ ಸುದ್ದಿ ಹೋಗ್ತೈತ್ರಿ. ಆ ಸುದ್ದಿ ಹಿಡಿಯಾಕ ಅಲ್ಲಿ ಸಣ್ಣ ಸಣ್ಣ ಗ್ರಾಹಕ ಅದಾವು, ರಿಸೆಪ್ಟರ್ ಅಂತೇವಿ. ನಿಮಗ ಬಾವು ಬಂದದ್ದು ಬರೋಬ್ಬರಿ ಆ ಜಾಗದಾಗ. ಸುದ್ದಿ ಬರ್ತೈತಿ, ಹಿಡ್ಕೊಳ್ಳೋರ ಇಲ್ಲ. ಅದಕ್ಕ ಮಿದುಳು ನೀವು ಉಪವಾಸ ಅದೀರಂತ ತಿಳಿದೈತಿ.”

ಬೀಗ ಹಾಕಿದ ಮನೆಗೆ ಪೋಸ್ಟಮನ್ ಬಂದು ಬಂದು ತಿರುಗಿ ಹೋದ ಹಾಗೆ ಎಂದುಕೊಂಡೆ. ಹೊಟ್ಟೆಬಾಕತನ, ಆಸೆಬುರುಕತನ, ಮನಸ್ಸಿನ ದೌರ್ಬಲ್ಯ ಎಂದು ನನ್ನನ್ನು ನಾನೇ ಬೈದುಕೊಂಡಿದ್ದೆಲ್ಲ ಆ ಒಂದು ಮಾತಿಗೆ ಕಳಚಿ ಬಿತ್ತು. ಆ ದಿನದ ದೊಡ್ಡ ದಯೆ ಅದು.

ಅವ್ವ ಮೂಲೆಯಿಂದ ಕೇಳಿದಳು. “ಅಂದ್ರ ನಾ ಉಣಿಸಿದ್ದಕ್ಕ ಬಂದಿದ್ದಲ್ಲೇನ್ರಿ ಇದು?”

“ಅಲ್ಲರಿ ಅವ್ವಾರ. ನೀರು ಮಾತ್ರ ಇನ್ನ ಮ್ಯಾಲ ಬಂದ್ ಮಾಡಬ್ಯಾಡ್ರಿ.”

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಹೋದಳು.

ಗುಳಿಗೆಗಳು ಶುರುವಾದವು. ನೀರಡಿಕೆಗೆ ಕೊಟ್ಟ ಔಷಧ ಬೇಗ ಕೆಲಸ ಮಾಡಿತು. ಸ್ಟಿರಾಯ್ಡ್ ಇನ್ನೊಂದು ಕಥೆ. ಇದು ಹಸಿವನ್ನು ಇನ್ನೂ ಹೆಚ್ಚು ಮಾಡುತ್ತದೆ, ತಡೆದುಕೊಳ್ಳಬೇಕು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಬೆಂಕಿ ಆರಿಸುವ ಔಷಧವೇ ತುಪ್ಪ ಸುರಿದರೆ ಏನು ಮಾಡುವುದು? ಕನ್ನಡಿಯಲ್ಲಿ ದಿನದಿಂದ ದಿನಕ್ಕೆ ಯಾರದೋ ಮುಖ ದುಂಡಗಾಗುತ್ತಿತ್ತು. ಮೈ ಏರುತ್ತಲೇ ಹೋಯಿತು. ಕುಬಸಗಳೆಲ್ಲ ಬಿಗಿಯಾಗಿ ಅವ್ವನ ಇಳಕಲ್ ಸೀರೆಯನ್ನು ಬರೀ ಸುತ್ತಿಕೊಂಡು ಕೂರುತ್ತಿದ್ದೆ. ಕೂಸಿಗೆ ಪುಡಿ ಹಾಲು ಹಿಡಿದಿತ್ತು. ಆ ಪುಡಿ ಡಬ್ಬಿಯ ಮೇಲೂ ನನ್ನ ಕಣ್ಣು ಬೀಳತೊಡಗಿದಾಗ ನಾನೇ ಅವ್ವನನ್ನು ಕರೆದು ಅಡುಗೆಮನೆಗೆ ಬೀಗ ಹಾಕು ಎಂದೆ.

“ತವರಿಗೆ ಬಂದ ಬಾಣಂತಿಗೆ ಅಡಿಗಿ ಮನಿ ಕೀಲಿ ಹಾಕ್ಲೇನ? ಓಣ್ಯಾಗಿನ ಮಂದಿ ಬಾಯಾಗ ಮಣ್ಣ ಹಾಕ್ತಾರ ನನಗ!”

“ಹಾಕವ್ವಾ. ಕೈ ನನ್ನ ಮಾತು ಕೇಳವಲ್ದು. ನಾಳೆ ಕೂಸಿನ ಹಾಲಿನ ಪುಡಿನೂ ತಿಂದಬಿಟ್ಟೇನು ನಾ.”

ಅವ್ವ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂದಿನಿಂದ ನನಗೆ ಊಟ ಕೊಡುವ ಹೊತ್ತಿನವರೆಗೆ ತಾನೂ ಏನೂ ಬಾಯಿಗೆ ಹಾಕುತ್ತಿರಲಿಲ್ಲ. ಬೇಡವೆಂದರೂ ಕೇಳಲಿಲ್ಲ. ಓಣಿಯಲ್ಲಿ ಮಾತು ಹಬ್ಬಿಯೇ ಹಬ್ಬಿತು, ಅವರ ಮನೆಯಲ್ಲಿ ಬಾಣಂತಿಯನ್ನು ಉಪವಾಸ ಕೆಡವಿದ್ದಾರೆಂದು. ಹಾದಿಯಲ್ಲಿ ಯಾರಾದರೂ ಕೇಳಿದರೆ ಅವ್ವ ತಲೆ ತಗ್ಗಿಸಿ ಬರುತ್ತಿದ್ದಳು.

ಬೀಗ ಹಾಕಿದ ಮೇಲೂ ಒಂದು ದಿನ ನನ್ನ ದಿಂಬಿನ ಕೆಳಗೆ ಒಂದು ಅಂಟಿನುಂಡಿ ಸಿಕ್ಕಿತು. ಕೈ ತಾಕಿದ ಕೂಡಲೇ ಹಾವು ಮುಟ್ಟಿದ ಹಾಗೆ ಎದ್ದು ಕೂತೆ. ತಿಂದೆ. ತಿಂದು ಮುಗಿಸಿ ಆಯಿಯ ಮೇಲೆ ಹರಿಹಾಯ್ದೆ, ನನ್ನನ್ನು ಕೊಲ್ಲಬೇಕೆಂದಿದ್ದೀಯಾ ಎಂದು ಕೂಗಿದೆ. ಯಾರ ಮುಂದೂ ಬಗ್ಗದ ಮುದುಕಿ ಗೋಡೆಗೆ ಒರಗಿ ಕುಸಿದಳು.

“ಇಷ್ಟ ಬಾಣಂತನ ಮಾಡೇನಿ ನನ್ನವ್ವಾ. ಹಸದೇನಿ ಅನ್ನೋ ಬಾಣಂತಿಗೆ ಇಲ್ಲ ಅನ್ನಾಕ ಈ ಕೈಗೆ ಬರೂದಿಲ್ಲ.”

ನಿಜ. ಅವಳ ಕೈಯೂ ಅವಳ ಮಾತು ಕೇಳುತ್ತಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು. ಈ ಸಲ ಕಣ್ಣು ಹೋಗುತ್ತವೆ ಎಂದು ಅವಳು ಗದರಲಿಲ್ಲ.

ಎರಡನೆಯ ಎಂ.ಆರ್.ಐ.ವರೆಗಿನ ದಿನಗಳಷ್ಟು ಉದ್ದದ ದಿನಗಳನ್ನು ನಾನು ನೋಡಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕೂಸನ್ನು ಬಲಗಡೆ ಮಲಗಿಸಿಕೊಂಡು ನೆಟ್ಟಗೆ ಜಂತಿ ನೋಡುತ್ತ, ಅದರ ಕೈಯಾಡುವುದು ಓರೆಯಲ್ಲಿ ಕಾಣುತ್ತದೆಯೇ ಎಂದು ಪರೀಕ್ಷಿಸುತ್ತಿದ್ದೆ. ಒಂದು ದಿನ ಕಂಡಂತಾಗುತ್ತಿತ್ತು, ಮರುದಿನ ಇಲ್ಲ. ಸುಳ್ಳೇ ಕಂಡಿತೆಂದು ಅವ್ವನಿಗೆ ಹೇಳುತ್ತಿದ್ದೆ. ಕುರುಡಿಯಾಗಿ, ಈ ಗಾತ್ರದವಳಾಗಿ, ಬೀಗದ ಬಾಗಿಲ ಮುಂದೆ ಕೂತು ಉಣ್ಣಲು ಬೇಡುವ ತಾಯಿ ನನ್ನ ಮಗಳಿಗೆ ಗತಿಯಾಗುತ್ತಾಳೆಯೇ ಎಂದು ನೆನೆದು ಕೂಸನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದೆ.

ಊತ ಕರಗಿತ್ತು. ಡಾಕ್ಟರಮ್ಮ ಎರಡೂ ಚಿತ್ರಗಳನ್ನು ಬೆಳಕಿಗೆ ಹಿಡಿದು ತೋರಿಸಿದರು. ನಮ್ಮನೆಯವರು ಅಲ್ಲೇ ಕುರ್ಚಿಯಲ್ಲಿ ಕುಸಿದು ಎರಡೂ ಕೈ ಮುಗಿದರು. ಆಪರೇಷನ್ ಬೇಡ. ಕಣ್ಣಿನ ಪಕ್ಕದ ನೋಟ ನಿಧಾನವಾಗಿ ಮರಳತೊಡಗಿತ್ತು. ನನಗೆ ಬೇಕಾಗಿದ್ದ ಪ್ರಶ್ನೆಯನ್ನು ನಾನು ಕೇಳಿದೆ.

“ಹಸಿವು ಯಾವಾಗ ಹೋಗ್ತೈತ್ರಿ?”

ಅವರು ಚಿತ್ರಗಳನ್ನು ಲಕೋಟೆಗೆ ಹಾಕಿದರು. “ಬಾವು ಹೋಗೈತಿ. ಅಲ್ಲಿ ಪೆಟ್ಟು ಎಷ್ಟ ಆಗೈತಿ ಅನ್ನೂದು ಚಿತ್ರದಾಗ ಕಾಣೂದಿಲ್ರಿ. ಹೊಟ್ಟಿ ತುಂಬಿದ್ದು ತಿಳಿಯೂದು ತಿರುಗಿ ಬರಬಹುದು, ಬರಲಿಕ್ಕಿಲ್ಲ. ಸುಳ್ಳ ಹೇಳೂದಿಲ್ಲ ನಿಮಗ.”

ಅದು ಪೂರ್ತಿ ಬಂದಿಲ್ಲ. ಈ ಮಾತನ್ನು ಬರೆಯಲೆಂದೇ ನಾನು ಇದನ್ನೆಲ್ಲ ಬರೆದದ್ದು. ಗುಣವಾಯಿತು ಎಂದು ಕಥೆ ಮುಗಿಸುವವರನ್ನು ಕಂಡರೆ ನನಗೆ ಈಗ ಸ್ವಲ್ಪ ಹೊಟ್ಟೆಕಿಚ್ಚು. ಸ್ಟಿರಾಯ್ಡ್ ನಿಂತ ಮೇಲೆ ಮುಖ ನನ್ನದೇ ಆಯಿತು, ಮೈ ಅರ್ಧ ಇಳಿದು ನಿಂತಿತು. ವಾರಕ್ಕೊಂದು ಸೂಜಿ ಚುಚ್ಚಿಕೊಳ್ಳುತ್ತೇನೆ, ಅದು ತಲೆಯೊಳಗಿನ ಬಡಿತವನ್ನು ಸಣ್ಣದು ಮಾಡುತ್ತದೆ, ನಿಲ್ಲಿಸುವುದಿಲ್ಲ. ಊಟ ತಟ್ಟೆಗೆ ಅಳೆದು ಬರುತ್ತದೆ. ಅದು ಮುಗಿದರೆ ಊಟ ಮುಗಿಯಿತು, ಹೊಟ್ಟೆ ಏನೇ ಹೇಳಲಿ. ಶಾಲೆಯಲ್ಲಿ ಬಿಸಿಯೂಟದ ಸಾಂಬಾರು ಕುದಿಯುವ ಹೊತ್ತಿಗೆ ಅತ್ತ ಕಡೆಯ ಕ್ಲಾಸನ್ನು ಬೇರೆಯವರಿಗೆ ಕೊಟ್ಟು ದೂರದ ಕೋಣೆ ಹಿಡಿಯುತ್ತೇನೆ. ‘ಟೀಚರು ದಪ್ಪ ಆಗ್ಯಾರ’ ಎಂದು ಮಕ್ಕಳು ಗುಸುಗುಸು ಮಾಡಿದರೆ, ಹೌದ್ರಪ್ಪಾ ಆಗೇನಿ, ಲೆಕ್ಕ ಮಾಡ್ರಿ ಎನ್ನುತ್ತೇನೆ. ಹಬ್ಬದ ದಿನಗಳೆಂದರೆ ನನಗೆ ಭಯ. ಮದುವೆಮನೆಯ ಪಂಕ್ತಿ ಎಂದರೆ ಭಯ. ಬಡಿಸುವವರು ಬಲವಂತ ಮಾಡುವ ನಮ್ಮ ಕಡೆಯ ಪ್ರೀತಿಗೆ ಭಯ.

ಎಲ್ಲಕ್ಕಿಂತ ದೊಡ್ಡ ಭಯ ಭಾಗ್ಯಳದು. ಇದು ಮಕ್ಕಳಿಗೆ ಬರುವ ಕಾಯಿಲೆಯಲ್ಲ ಎಂದು ಡಾಕ್ಟರಮ್ಮ ಎಷ್ಟು ಸಲ ಹೇಳಿದ್ದಾರೋ. ಹೇಳಿದಾಗ ನಂಬುತ್ತೇನೆ, ಮನೆಗೆ ಬರುವಷ್ಟರಲ್ಲಿ ನಂಬಿಕೆ ಸೋರಿರುತ್ತದೆ. ಅವಳು ಇನ್ನೊಂದು ರೊಟ್ಟಿ ಕೇಳಿದರೆ ಹಂಚಿನ ಮೇಲೆ ನನ್ನ ಕೈ ನಿಲ್ಲುತ್ತಿತ್ತು. ಕೂಸು ಹಸಿದು ಕೇಳುತ್ತಿದೆಯೋ, ಆ ಬಡಿತ ಕೇಳಿಸಿ ಕೇಳುತ್ತಿದೆಯೋ? ಅವಳು ಉಣ್ಣುವಾಗ ಅವಳ ಮುಖವನ್ನೇ ಕಳ್ಳನನ್ನು ಕಾಯುವವಳ ಹಾಗೆ ಕಾಯುತ್ತಿದ್ದೆ. ಅವಳೀಗ ಅಂಗನವಾಡಿಗೆ ಹೋಗುತ್ತಾಳೆ, ಅರಳು ಹುರಿದಂತೆ ಮಾತಾಡುತ್ತಾಳೆ.

ಮೊನ್ನೆ ರವಿವಾರ ಮಧ್ಯಾಹ್ನ, ವಿದ್ಯಾಗಿರಿಯ ಮನೆಯಲ್ಲಿ ಇಬ್ಬರೂ ಎದುರುಬದುರು ಉಣ್ಣಲು ಕೂತಿದ್ದೆವು. ನನ್ನ ಪಾಲಿನ ರೊಟ್ಟಿ ಮುಗಿದಿತ್ತು. ಅವಳ ತಟ್ಟೆಯಲ್ಲಿ ಒಂದು ತುಂಡು ರೊಟ್ಟಿ, ಒಂದಿಷ್ಟು ಹೆಸರುಕಾಳಿನ ಪಲ್ಯ ಇನ್ನೂ ಇತ್ತು. ಅವಳು ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

“ಸಾಕಾತವ್ವಾ.”

ಇನ್ನೊಂದು ತುತ್ತು ಉಣ್ಣು ಎಂದು ಪರೀಕ್ಷೆಗೆಂದೇ ಹೇಳಿದೆ. ಬಾಯಿ ಬಿಗಿದು ತಲೆ ಅಲ್ಲಾಡಿಸಿದಳು. ಹೊಟ್ಟೆ ತೋರಿಸಿ ತುಂಬಿದೆ ಎಂದು ಬಡಿದುಕೊಂಡಳು. ಅಷ್ಟು ಸುಲಭವಾಗಿ, ಉಸಿರಾಡಿದಷ್ಟು ಸುಲಭವಾಗಿ. ನನ್ನ ಕಣ್ಣು ತುಂಬಿ ಬಂದವು. ಅವಳು ಬಗ್ಗಿ ನನ್ನ ಖಾಲಿ ತಟ್ಟೆ ನೋಡಿದಳು.

“ನಿನಗ ಸಾಕಾತೇನು?”

ಸಾಕಾಗಿರಲಿಲ್ಲ. ಅವಳು ಬಿಟ್ಟ ತುಂಡು ನಮ್ಮಿಬ್ಬರ ನಡುವೆ ಇತ್ತು, ಪಲ್ಯದ ಒಗ್ಗರಣೆ ಮೂಗಿಗೆ ಬಡಿಯುತ್ತಿತ್ತು, ಬಾಯಲ್ಲಿ ನೀರು ತುಂಬಿತ್ತು.

“ಹ್ಞೂಂ ನನ್ನವ್ವಾ, ಸಾಕಾತು,” ಎಂದೆ.

ಅವಳನ್ನು ಎತ್ತಿಕೊಂಡು ಎದ್ದು ಹೋಗಿ ಇಬ್ಬರ ಕೈಯನ್ನೂ ತೊಳೆದೆ.